ಮಣಿಕಟ್ಟಿನ ಗಂಟು: ಬಿಡೋದಾ, ಸೂಜಿ ಹಾಕಿಸೋದಾ, ಆಪರೇಷನ್ನಾ?

ನನ್ನ ಬಲಗೈ ಮಣಿಕಟ್ಟಿನ ಮೇಲೆ ಆ ಗಂಟು ಮೊದಲು ಕಂಡಿದ್ದು ಬಳೆ ಸರಿಸಿ ಸೋಪು ಹಚ್ಚುವಾಗ. ಕಡಲೆಕಾಳಿನಷ್ಟಿತ್ತು. ಕೈ ನೇರವಾಗಿ ಹಿಡಿದರೆ ಕಾಣುತ್ತಿರಲಿಲ್ಲ. ಅಂಗೈಯನ್ನು ಒಳಕ್ಕೆ ಬಾಗಿಸಿದರೆ ಮಾತ್ರ ಮೇಲೆದ್ದು ನಿಲ್ಲುತ್ತಿತ್ತು. ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಬೇರೆಯವರ ಕೈಯಲ್ಲಿ ಇಂಥ ಗಂಟನ್ನು ಎಷ್ಟೋ ಸಲ ಮುಟ್ಟಿ ನೋಡಿದ್ದೇನೆ, "ಭಯ ಬೇಡ" ಅಂತ ಹೇಳಿದ್ದೇನೆ. ಆದರೂ ಸ್ವಂತ ಕೈಯಲ್ಲಿ ಕಂಡಾಗ ಎದೆ ಧಸಕ್ ಅಂದಿತು. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಈ ಗಂಟಿನ ಹೆಸರು ಗ್ಯಾಂಗ್ಲಿಯಾನ್. ಕೈಯಲ್ಲಿ, ಮಣಿಕಟ್ಟಿನಲ್ಲಿ ಬರುವ ಗಂಟುಗಳಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ. ಇದು ಕ್ಯಾನ್ಸರ್ ಅಲ್ಲ. ಮುಂದೆ ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. 20ರಿಂದ 40 ವರ್ಷದೊಳಗಿನವರಲ್ಲಿ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ.

ಚಿಕಿತ್ಸೆಯ ದಾರಿ ಮೂರು. ಹಾಗೇ ಬಿಟ್ಟು ಗಮನಿಸುವುದು, ಸೂಜಿ ಹಾಕಿ ಒಳಗಿನ ದ್ರವ ತೆಗೆಸುವುದು, ಆಪರೇಷನ್ ಮಾಡಿಸುವುದು. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಯಾವುದರಿಂದ ಇದು ಪೂರ್ತಿ ಹೋಗುತ್ತೆ?" ನಾನು ಅವರನ್ನು ಮೊದಲು ಕೇಳುವುದು ಬೇರೆ: "ಈ ಗಂಟಿನಿಂದ ನಿಮ್ಮ ಯಾವ ಕೆಲಸ ನಿಂತಿದೆ?" ಈ ಎರಡನೇ ಪ್ರಶ್ನೆಗೆ ಉತ್ತರ ಇಲ್ಲದೆ ಮೊದಲನೆಯದರ ಬೆನ್ನು ಹತ್ತಿದವರು ಬೇಕಿಲ್ಲದ ಆಪರೇಷನ್‌ಗೆ ಹೋಗಿದ್ದನ್ನು ನೋಡಿದ್ದೇನೆ. ಬೇಕಾದ ಆಪರೇಷನ್ನನ್ನು ವರ್ಷಗಟ್ಟಲೆ ಮುಂದೂಡಿ ಒದ್ದಾಡಿದವರನ್ನೂ ನೋಡಿದ್ದೇನೆ. ಅದಕ್ಕೇ ಈ ಬರಹ.

ತೊಟ್ಟಿನ ಕಥೆ

ಗಂಟು ಹೊರಗೆ ಕಾಣುವಷ್ಟೇ ಅಲ್ಲ. ಬದನೆಕಾಯಿಗೆ ತೊಟ್ಟಿರುವ ಹಾಗೆ ಇದಕ್ಕೂ ಒಂದು ತೊಟ್ಟಿರುತ್ತದೆ. ಆ ತೊಟ್ಟು ಕೆಳಗೆ ಕೀಲಿನ ಪೊರೆಗೋ, ಬೆರಳನ್ನು ಎಳೆಯುವ ಹುರಿ, ಅಂದರೆ ಟೆಂಡನ್, ಜಾರುವ ಕೊಳವೆಗೋ ಅಂಟಿಕೊಂಡಿರುತ್ತದೆ. ಕೀಲಿನ ಒಳಗೆ ಎಣ್ಣೆ ಬಿಟ್ಟಂತೆ ಜಾರಿಕೆ ಕೊಡುವ ದ್ರವ ಇರುತ್ತದಲ್ಲ, ಅದಕ್ಕೆ ಹತ್ತಿರದ, ಅದಕ್ಕಿಂತ ತುಂಬಾ ದಪ್ಪವಾದ ಲೋಳೆ ಗಂಟಿನೊಳಗೆ ತುಂಬಿಕೊಳ್ಳುತ್ತದೆ. ತೊಟ್ಟಿನ ಒಳದಾರಿ ಅಂಕುಡೊಂಕು. ಸೈಕಲ್ ಟ್ಯೂಬಿನ ವಾಲ್ವಿನಂತೆ ಹೋಗಲು ಬಿಡುತ್ತದೆ, ವಾಪಸ್ ಬರಲು ಸುಲಭವಾಗಿ ಬಿಡುವುದಿಲ್ಲ.

ನೂರು ಗ್ಯಾಂಗ್ಲಿಯಾನ್‌ಗಳಲ್ಲಿ 60ರಿಂದ 70 ಬರುವುದು ಮಣಿಕಟ್ಟಿನ ಮೇಲ್ಭಾಗದಲ್ಲಿ, ಅಂದರೆ ಗಡಿಯಾರ ಕಟ್ಟುವ ಕಡೆ. ಅಲ್ಲಿ ಎರಡು ಪುಟ್ಟ ಮೂಳೆಗಳನ್ನು ಬಿಗಿದಿರುವ ಒಂದು ಕಟ್ಟು ಇದೆ. ತೊಟ್ಟು ಹುಟ್ಟುವುದು ಸಾಮಾನ್ಯವಾಗಿ ಅದರ ಮೇಲಿಂದ. ಕೆಲಸ ಹೆಚ್ಚಾದ ದಿನ ಗಂಟು ಉಬ್ಬಿ, ಕೈಗೆ ರಜೆ ಸಿಕ್ಕಾಗ ಕುಗ್ಗುವುದು ಮಾಮೂಲು. "ಮೊನ್ನೆ ದೊಡ್ಡದಿತ್ತು, ಇವತ್ತು ಚಿಕ್ಕದಾಗಿದೆ" ಅಂತ ಯಾರಾದರೂ ಹೇಳಿದರೆ ನನಗೆ ಸಮಾಧಾನ ಆಗುತ್ತದೆ. ಗಟ್ಟಿ ಗೆಡ್ಡೆಗಳು ಹಾಗೆ ಹೆಚ್ಚುಕಮ್ಮಿ ಆಗುವುದಿಲ್ಲ.

ಈ ತೊಟ್ಟನ್ನು ನೆನಪಿಟ್ಟುಕೊಳ್ಳಿ. ಮೂರು ದಾರಿಗಳ ನಡುವಿನ ವ್ಯತ್ಯಾಸ ಇರುವುದು ಅಲ್ಲೇ. ಬಿಟ್ಟು ನೋಡುವಾಗ ತೊಟ್ಟು ತಾನಾಗಿ ಒಣಗಲಿ ಅಂತ ಕಾಯುತ್ತೇವೆ. ಸೂಜಿ ಗಂಟನ್ನು ಬರಿದು ಮಾಡುತ್ತದೆ, ತೊಟ್ಟನ್ನು ಮುಟ್ಟುವುದಿಲ್ಲ. ಆಪರೇಷನ್ ತೊಟ್ಟನ್ನೇ ಹುಡುಕಿಕೊಂಡು ಹೋಗುತ್ತದೆ.

ಮೊದಲು ಇದು ಅದೇನಾ ಅಂತ ನೋಡಿ

ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಗಂಟಿನ ಪಕ್ಕಕ್ಕೆ ಒತ್ತಿ ಹಿಡಿಯಿರಿ. ನಾನೂ ಆ ರಾತ್ರಿ ಮಾಡಿದ್ದು ಇದೇ. ಮಕ್ಕಳು ಅಂಗೈಯಲ್ಲಿ ಟಾರ್ಚ್ ಮುಚ್ಚಿ ಬೆರಳು ಕೆಂಪಗೆ ಕಾಣುವುದನ್ನು ನೋಡುತ್ತಾರಲ್ಲ, ಹಾಗೆ ಇಡೀ ಗಂಟು ಒಳಗಿಂದ ಕೆಂಪು ಹಣತೆಯಂತೆ ಬೆಳಗಿತು. ಒಳಗೆ ತಿಳಿಯಾದ ಲೋಳೆ ಇದ್ದರೆ ಬೆಳಕು ಹಾಯುತ್ತದೆ. ಗಟ್ಟಿ ಗೆಡ್ಡೆಯಾದರೆ ಕಪ್ಪಗೇ ಉಳಿಯುತ್ತದೆ. ಡಾಕ್ಟರೂ ಸಣ್ಣ ಟಾರ್ಚ್ ಹಿಡಿದು ಮಾಡುವುದು ಇದನ್ನೇ.

ಆದರೆ ಟಾರ್ಚ್ ಪರೀಕ್ಷೆ ಕೊನೇ ಮಾತಲ್ಲ. ತುಂಬಾ ಚಿಕ್ಕ ಗಂಟಿನಲ್ಲಿ ಏನೂ ತಿಳಿಯುವುದಿಲ್ಲ. ಒಮ್ಮೆ ಮೂಳೆ ಡಾಕ್ಟರಿಗೋ, ಕೈ ಶಸ್ತ್ರಚಿಕಿತ್ಸೆಯ ತಜ್ಞರಿಗೋ ತೋರಿಸಿ. ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗದಲ್ಲೂ ಇದನ್ನು ನೋಡುತ್ತಾರೆ. ಬಹುಪಾಲು ಜನರಿಗೆ ಕೈಯಲ್ಲಿ ಮುಟ್ಟಿ ನೋಡಿದರೇ ಸಾಕು. ಅನುಮಾನ ಬಂದರೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಹೊರಗೆ ಗಂಟೇ ಕಾಣದೆ, ಕುರ್ಚಿಯ ಕೈ ಮೇಲೆ ಭಾರ ಹಾಕಿ ಏಳುವಾಗ ಮಾತ್ರ ಮಣಿಕಟ್ಟಿನ ಮೇಲೆ ಚುಚ್ಚಿದಂತೆ ನೋವು ಬರುವವರಿದ್ದಾರೆ. ಅವರಲ್ಲಿ ಕೆಲವರಿಗೆ ಒಳಗೆ ಅಡಗಿದ ಪುಟ್ಟ ಗ್ಯಾಂಗ್ಲಿಯಾನ್ ಇರುತ್ತದೆ. ಅದು ಗೊತ್ತಾಗುವುದು ಸ್ಕ್ಯಾನಿಂಗ್ ಅಥವಾ ಎಂಆರ್‌ಐಯಲ್ಲಿ.

ಗಂಟು ವಾರ ವಾರಕ್ಕೂ ಬೆಳೆಯುತ್ತಿದ್ದರೆ, ಕಲ್ಲಿನಂತೆ ಗಟ್ಟಿಯಾಗಿದ್ದರೆ, ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ, ಕೆಂಪಾಗಿ ಬಿಸಿಯಾಗಿ ಜ್ವರ ಬಂದಿದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ ಅಥವಾ ಹಿಡಿತ ಕಮ್ಮಿಯಾಗಿದ್ದರೆ ಕಾಯಬೇಡಿ. ನಾಡಿ ಹಿಡಿಯುವ ಜಾಗದ ಗಂಟು ತಾನೇ ಮಿಡಿಯುತ್ತಿದ್ದರೂ ಅಷ್ಟೇ. ನಮ್ಮ ದೇಶದಲ್ಲಿ ಇನ್ನೊಂದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಗಂಟು ಗುಂಡಗಿರದೆ ಟೆಂಡನ್ ಉದ್ದಕ್ಕೂ ಉದ್ದುದ್ದ ಊದಿಕೊಂಡಿದ್ದರೆ ಅದು ಸಂಧಿವಾತವೋ, ಟೆಂಡನ್ ಕೊಳವೆಗೆ ತಗುಲಿದ ಕ್ಷಯವೋ ಇರಬಹುದು. ಅದರ ಔಷಧಿಯೇ ಬೇರೆ.

ಹಾಗೇ ಬಿಡುವುದು

ಇದನ್ನು ಜನ ಚಿಕಿತ್ಸೆ ಅಂತ ಒಪ್ಪುವುದೇ ಇಲ್ಲ. "ಡಾಕ್ಟ್ರು ಏನೂ ಮಾಡ್ಲಿಲ್ಲ, ಸುಮ್ನೆ ಕಳಿಸಿಬಿಟ್ರು" ಅಂತ ಬೇಸರ ಮಾಡಿಕೊಳ್ಳುತ್ತಾರೆ. ನನಗಿರುವ ದೊಡ್ಡ ಕಳಕಳಿ ಇದೇ. ಮೂರರಲ್ಲಿ ಅತಿ ಕಡಿಮೆ ಮರ್ಯಾದೆ ಸಿಕ್ಕಿರುವ ದಾರಿ ಇದು, ಅತಿ ಹೆಚ್ಚು ಜನರಿಗೆ ಸರಿಹೊಂದುವ ದಾರಿಯೂ ಇದೇ.

ಏನೂ ಮಾಡದೆ ಬಿಟ್ಟ ಮಣಿಕಟ್ಟಿನ ಗಂಟುಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಕೆಲವು ವರ್ಷಗಳಲ್ಲಿ ತಾವಾಗಿಯೇ ಕರಗುತ್ತವೆ. ಬ್ರಿಟನ್ನಿನ ಲೆಸ್ಟರ್‌ನ ವೈದ್ಯರು ಮೇಲ್ಭಾಗದ ಗಂಟಿನವರನ್ನು ಸುಮಾರು ಆರು ವರ್ಷಗಳ ನಂತರ ಮತ್ತೆ ವಿಚಾರಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಟ್ಟವರು, ಸೂಜಿ ಹಾಕಿಸಿದವರು, ಆಪರೇಷನ್ ಆದವರು ಮೂವರೂ ಅದರಲ್ಲಿದ್ದರು. ಆರು ವರ್ಷದ ಹೊತ್ತಿಗೆ ನೋವಿನ ವಿಷಯದಲ್ಲಿ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಗಂಟು ಮತ್ತೆ ಬಂದಿದ್ದು ಸೂಜಿ ಹಾಕಿಸಿದವರಲ್ಲಿ 58 ಶೇಕಡಾ, ಆಪರೇಷನ್ ಆದವರಲ್ಲಿ 39 ಶೇಕಡಾ. ಇದನ್ನು ಓದಿದ ಮೇಲೆ ನಾನು ರೋಗಿಗಳ ಹತ್ತಿರ ಮಾತಾಡುವ ರೀತಿಯೇ ಬದಲಾಯಿತು.

ಇನ್ನೊಂದು ವಿಷಯವೂ ಅದರಲ್ಲಿತ್ತು, ಅದನ್ನು ಮುಚ್ಚಿಡಬಾರದು. ತೃಪ್ತಿ ಹೆಚ್ಚಿದ್ದದ್ದು ಆಪರೇಷನ್ ಆದವರಲ್ಲೇ. ಗಂಟು ಮರಳಿ ಬಂದವರೂ ಅದರಲ್ಲಿ ಸೇರಿದ್ದರು. ಕೈಯನ್ನು ನೋಡಿಕೊಂಡಾಗ ಮನಸ್ಸಿಗೆ ಆಗುವ ಕಿರಿಕಿರಿ ಸುಳ್ಳಲ್ಲ. ಮದುವೆ ಮನೆಯಲ್ಲಿ ಮೆಹಂದಿ ಹಚ್ಚಿಸಿಕೊಳ್ಳಲು ಕೈ ಚಾಚುವಾಗ ಎಲ್ಲರೂ "ಇದೇನು ಗಂಟು?" ಅಂತ ಕೇಳುವುದು ಒಂದು ನೋವೇ. ಹಾಗಾಗಿ ಅಂದಕ್ಕೋಸ್ಕರ ತೆಗೆಸಬೇಕು ಅನ್ನುವವರನ್ನು ನಾನು ಬೇಡ ಅನ್ನುವುದಿಲ್ಲ. ಗಂಟಿನ ಜಾಗದಲ್ಲಿ ಕಲೆ ಉಳಿಯುತ್ತದೆ, ಅದನ್ನು ತಿಳಿದು ಒಪ್ಪಿಕೊಳ್ಳಿ ಅನ್ನುತ್ತೇನೆ.

ಬಿಡುವುದು ಅಂದರೆ ಮರೆತುಬಿಡುವುದಲ್ಲ. ತಿಂಗಳಿಗೊಮ್ಮೆ ಗಂಟಿನ ಅಳತೆ ನೋಡಿ. ಒಂದೇ ಭಂಗಿಯಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದುಕೊಂಡರೆ ಸಾಕು. ನೋವು ಬರುವುದು ಯಾವ ಕೆಲಸಕ್ಕೆ ಅಂತ ಹಿಡಿಯಿರಿ. ಮೇಲ್ಭಾಗದ ಗಂಟು ಸಾಮಾನ್ಯವಾಗಿ ನೋಯುವುದು ಕೈಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ಅಂಗೈ ಮೇಲೆ ಭಾರ ಹಾಕಿದಾಗ. ಚಪಾತಿ ಹಿಟ್ಟು ನಾದುವಾಗ, ನೆಲ ಒರೆಸಿ ಏಳುವಾಗ, ಕಿಟಕಿ ತಳ್ಳುವಾಗ. ನಮ್ಮ ಮೈಸೂರಿನಲ್ಲಿ ಯೋಗ ಕಲಿಯಲು ಬರುವವರು ತುಂಬಾ. ಅಧೋಮುಖ ಶ್ವಾನಾಸನ, ಚತುರಂಗ ದಂಡಾಸನ ಮಾಡುವಾಗ ಮಣಿಕಟ್ಟು ಚುಚ್ಚುತ್ತದೆ ಅಂತ ಬರುವವರಲ್ಲಿ ಕೆಲವರಿಗೆ ಕಾರಣ ಇದೇ. ಅವರಿಗೆ ನಾನು ಹೇಳುವುದು: ಕೆಲವು ತಿಂಗಳು ಮುಷ್ಟಿ ಕಟ್ಟಿ ನೆಲಕ್ಕೆ ಊರಿ, ಇಲ್ಲವೇ ಮೊಣಕೈವರೆಗೆ ನೆಲಕ್ಕಿಟ್ಟು ಮಾಡಿ. ಮಣಿಕಟ್ಟು ನೇರವಾಗಿದ್ದರೆ ಗಂಟು ಹಿಸುಕುವುದಿಲ್ಲ.

ಮಣಿಕಟ್ಟಿನ ಪಟ್ಟಿ ಹಾಕಿದರೆ ನೋವು ಕಡಿಮೆಯಾಗುತ್ತದೆ, ಆದರೆ ಗಂಟು ಕರಗುತ್ತದೆ ಅಂತ ಭರವಸೆ ಇಲ್ಲ. ಭಾರದ ಕೆಲಸದ ಹೊತ್ತಿಗೆ ಹಾಕಿ, ಉಳಿದಂತೆ ತೆಗೆಯಿರಿ. ಇಪ್ಪತ್ನಾಲ್ಕು ಗಂಟೆ ಬಿಗಿದುಕೊಂಡರೆ ಕೈ ಬಿಗಿತ ಹಿಡಿದು ಹೊಸ ತೊಂದರೆ ಶುರು.

ಮನೆಯಲ್ಲಿ ಗುದ್ದಬೇಡಿ

ಯುರೋಪಿನಲ್ಲಿ ಹಿಂದೆ ದಪ್ಪ ಬೈಬಲ್‌ನಿಂದ ಗುದ್ದಿ ಒಡೆಯುತ್ತಿದ್ದರು, ಅದಕ್ಕೇ ಇಂಗ್ಲಿಷಿನಲ್ಲಿ ಇದಕ್ಕೆ ಬೈಬಲ್ ಗಂಟು ಅನ್ನುವ ಹೆಸರೂ ಇದೆ. ನಮ್ಮಲ್ಲಿ ಲಟ್ಟಣಿಗೆ, ನಾಣ್ಯ, ಸುಣ್ಣ. ಗುದ್ದಿದಾಗ ಗಂಟು ಮಾಯವಾಗುವುದು ನಿಜ. ಗೋಡೆ ಒಡೆದು ಲೋಳೆ ಸುತ್ತ ಹರಡಿಕೊಳ್ಳುತ್ತದೆ. ತೊಟ್ಟು ಮಾತ್ರ ಇದ್ದಲ್ಲೇ ಇರುತ್ತದೆ, ಮತ್ತೆ ತುಂಬುತ್ತದೆ. ಅಷ್ಟರಲ್ಲಿ ಮಣಿಕಟ್ಟಿನ ಪುಟ್ಟ ಮೂಳೆಗೋ ನರಕ್ಕೋ ಪೆಟ್ಟು ಬಿದ್ದರೆ? ಒಬ್ಬರು ತಾತ ಗಂಟಿನ ಮೇಲೆ ನಾಣ್ಯ ಇಟ್ಟು ಬಟ್ಟೆಯಿಂದ ಬಿಗಿದು ಐದಾರು ದಿನ ಹಾಗೇ ಬಿಟ್ಟಿದ್ದರು. ಬಿಚ್ಚಿದಾಗ ನಾಣ್ಯದಷ್ಟೇ ಅಗಲಕ್ಕೆ ಚರ್ಮ ಕಪ್ಪಾಗಿ ನೀರ್ಗುಳ್ಳೆ ಎದ್ದಿತ್ತು. ಗಂಟು ಪಕ್ಕಕ್ಕೆ ಸರಿದು ಆರಾಮಾಗಿ ಕೂತಿತ್ತು.

ಹೊಲಿಗೆ ಸೂಜಿಯಿಂದ ಚುಚ್ಚುವುದಂತೂ ಬೇಡವೇ ಬೇಡ. ತೊಟ್ಟು ಕೀಲಿಗೆ ಸೇರಿದೆ ಅಂದೆನಲ್ಲ, ಕೀವು ಹಿಡಿದರೆ ಅದು ಕೀಲಿನವರೆಗೂ ಹೋಗಬಹುದು.

ಸೂಜಿ ಹಾಕಿಸುವುದು

ಹದಿನಾಲ್ಕು ತಿಂಗಳು ಕಾದ ಮೇಲೆ ನಾನು ಇದನ್ನು ಆರಿಸಿಕೊಂಡೆ. ರೋಗಿಗಳ ಬೆನ್ನನ್ನು ಅಂಗೈ ಬುಡದಿಂದ ಒತ್ತುವುದು ನನ್ನ ಕೆಲಸ. ದಿನದ ಕೊನೆಗೆ ಮಣಿಕಟ್ಟು ತುಸು ಊದಿ ನೋಯುತ್ತಿತ್ತು.

ಡಾಕ್ಟರ್ ಜಾಗ ಒರೆಸಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಆಮೇಲೆ ಒಂದು ದಪ್ಪ ಸೂಜಿ ಹಾಕಿದರು. ತೆಳು ಸೂಜಿಯಲ್ಲಿ ಈ ಲೋಳೆ ಬರುವುದೇ ಇಲ್ಲ. ದಪ್ಪ ಸೂಜಿಯಲ್ಲೂ ಅವರು ಸಿರಿಂಜನ್ನು ಬಲ ಹಾಕಿ ಎಳೆಯಬೇಕಾಯಿತು. ನಿಧಾನಕ್ಕೆ, ಒಂದು ಗುಳ್ಳೆ ಗಾಳಿಯ ಹಿಂದೆ, ತಿಳಿ ಬಣ್ಣದ ಲೋಳೆ ಏರಿ ಬಂತು. ಲೋಳೆಸರ ಸೀಳಿದಾಗ ಒಳಗೆ ಹೊಳೆಯುತ್ತದಲ್ಲ, ಹಾಗೇ ಇತ್ತು. ಅರ್ಧ ಎಂಎಲ್ ಕೂಡ ಇರಲಿಲ್ಲ. ಇಷ್ಟೇ ಇಷ್ಟಕ್ಕೆ ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದೆನಾ ಅನ್ನಿಸಿತು. ಹತ್ತು ನಿಮಿಷದಲ್ಲಿ ಮುಗಿಯಿತು, ಬಿಗಿಯಾಗಿ ಬ್ಯಾಂಡೇಜ್ ಸುತ್ತಿ ಕಳಿಸಿದರು. ಮಾರನೇ ದಿನ ಕೆಲಸಕ್ಕೆ ಹೋದೆ.

ನಾಲ್ಕನೇ ತಿಂಗಳಲ್ಲಿ ಅದೇ ಜಾಗದಲ್ಲಿ ಗಂಟು ಮತ್ತೆ ಬಂತು.

ಇದು ನನ್ನೊಬ್ಬಳ ದುರದೃಷ್ಟವಲ್ಲ. 2015ರಲ್ಲಿ 35 ಅಧ್ಯಯನಗಳನ್ನು, ಎರಡು ಸಾವಿರಕ್ಕೂ ಹೆಚ್ಚು ಗಂಟುಗಳ ಲೆಕ್ಕವನ್ನು ಒಟ್ಟುಹಾಕಿ ನೋಡಿದಾಗ ಸೂಜಿಯ ನಂತರ ಮರಳಿ ಬರುವ ಸರಾಸರಿ 59 ಶೇಕಡಾ ಇತ್ತು. ಅಪಾಯ ಮಾತ್ರ ತುಂಬಾ ಕಡಿಮೆ, ನೂರಕ್ಕೆ ಸುಮಾರು ಮೂರು ಜನರಿಗೆ ಸಣ್ಣಪುಟ್ಟ ತೊಂದರೆ. ಹಾಗಾದರೆ ಸೂಜಿ ಯಾರಿಗೆ? ಮದುವೆಯೋ ಪರೀಕ್ಷೆಯೋ ಹತ್ತಿರದಲ್ಲಿದೆ, ಸದ್ಯಕ್ಕೆ ನೋವು ಇಳಿಯಬೇಕು ಅನ್ನುವವರಿಗೆ. ಆಪರೇಷನ್‌ಗೆ ರಜೆ ಸಿಗದವರಿಗೆ. ಮುಖ್ಯವಾಗಿ, ಒಳಗೆ ಏನಿದೆಯೋ ಅನ್ನುವ ಹೆದರಿಕೆ ಬಿಡದವರಿಗೆ. ಆ ತಿಳಿ ಲೋಳೆಯನ್ನು ಕಣ್ಣಾರೆ ನೋಡಿದ ಮೇಲೆ ಎಷ್ಟೋ ಜನಕ್ಕೆ ಗಂಟು ಮತ್ತೆ ಬಂದರೂ ಚಿಂತೆ ಆಗುವುದಿಲ್ಲ. ನನಗೂ ಹಾಗೇ ಆಯಿತು.

ಸೂಜಿಯ ಜೊತೆ ಸ್ಟೀರಾಯ್ಡ್ ಹಾಕೋಣವಾ ಅಂತ ಕೇಳಿದರೆ ಯೋಚಿಸಿ. ಸ್ಟೀರಾಯ್ಡ್ ಸೇರಿಸಿದರೆ ಗಂಟು ಮರಳುವುದು ಕಡಿಮೆಯಾಗುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಆದರೆ ಆ ಜಾಗದ ಚರ್ಮ ತೆಳುವಾಗಿ ಬಿಳಿಚಿಕೊಳ್ಳಬಹುದು. ನಮ್ಮಂಥ ಗೋಧಿ, ಕಪ್ಪು ಮೈಬಣ್ಣಕ್ಕೆ ಆ ಬಿಳಿ ಮಚ್ಚೆ ಎದ್ದು ಕಾಣುತ್ತದೆ, ಹೋಗಲು ತಿಂಗಳುಗಳು ಬೇಕು.

ಆಪರೇಷನ್

ನಮ್ಮ ಬೀದಿಯಲ್ಲಿ ಒಬ್ಬರು ಟೈಲರ್ ಅಕ್ಕ ಇದ್ದಾರೆ. ಅವರಿಗೂ ನನ್ನ ಹಾಗೇ ಬಲ ಮಣಿಕಟ್ಟಿನ ಮೇಲೆ ಗಂಟು, ದೊಡ್ಡ ನೆಲ್ಲಿಕಾಯಿಯಷ್ಟು. ದಪ್ಪ ಬಟ್ಟೆ ನಾಲ್ಕು ಪದರ ಮಡಚಿ ಕತ್ತರಿಸುವಾಗ ಕತ್ತರಿ ಕೈಯಿಂದ ಬೀಳುವಷ್ಟು ನೋವು. ಎರಡು ಸಲ ಸೂಜಿ ಹಾಕಿಸಿಯೂ ಆಗಿತ್ತು. "ಇದು ನನ್ನ ಅನ್ನದ ಕೈ, ಇನ್ನೆಷ್ಟು ದಿನ ಕಾಯ್ಲಿ ಹೇಳಿ" ಅಂದರು. ಇಂಥವರಿಗೆ ಆಪರೇಷನ್ನೇ ಸರಿ. ಅದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ತೆರೆದ ಆಪರೇಷನ್‌ನಲ್ಲಿ ತೋಳನ್ನಷ್ಟೇ ಮರಗಟ್ಟಿಸಿ, ಸಾಮಾನ್ಯವಾಗಿ ರಕ್ತ ಬರದಂತೆ ತೋಳಿಗೆ ಪಟ್ಟಿ ಬಿಗಿದು, ಎರಡು ಮೂರು ಸೆಂಟಿಮೀಟರ್ ಅಡ್ಡ ಕುಯ್ಯುತ್ತಾರೆ. ಗಂಟನ್ನು ಬಿಡಿಸಿಕೊಂಡು ತೊಟ್ಟಿನ ಜಾಡು ಹಿಡಿದು ಕೀಲಿನವರೆಗೂ ಹೋಗಿ, ತೊಟ್ಟು ಹುಟ್ಟಿದ ಜಾಗದ ಪೊರೆಯ ಸಣ್ಣ ತುಂಡನ್ನೂ ಸೇರಿಸಿ ತೆಗೆಯುತ್ತಾರೆ. ಗಂಟು ಮಾತ್ರ ತೆಗೆದು ತೊಟ್ಟು ಬಿಟ್ಟರೆ ಸೂಜಿ ಹಾಕಿಸಿದ್ದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಸಾಮಾನ್ಯವಾಗಿ ಅವತ್ತೇ ಮನೆಗೆ ಬರಬಹುದು. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ.

ಇನ್ನೊಂದು ದೂರ್ಬೀನಿನ ಆಪರೇಷನ್, ಆರ್ಥ್ರೋಸ್ಕೋಪಿ. ಎರಡು ಮೂರು ಪುಟ್ಟ ರಂಧ್ರಗಳ ಮೂಲಕ ಕೀಲಿನ ಒಳಗಿಂದಲೇ ತೊಟ್ಟಿನ ಬುಡ ಕೆರೆದು ತೆಗೆಯುತ್ತಾರೆ. ಕಲೆ ಚಿಕ್ಕದು. 2015ರ ಆ ಒಟ್ಟು ಲೆಕ್ಕದಲ್ಲಿ ಗಂಟು ಮರಳಿದ್ದು ತೆರೆದ ಆಪರೇಷನ್‌ನಲ್ಲಿ 21 ಶೇಕಡಾ, ದೂರ್ಬೀನಿನಲ್ಲಿ 6 ಶೇಕಡಾ. ಈ ಅಂಕಿ ನೋಡಿ ಬೆಂಗಳೂರಿಗೆ ಓಡಬೇಡಿ. ಎರಡು ಬಗೆಯ ಆಪರೇಷನ್‌ಗೂ ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ ನೇರವಾಗಿ ಹೋಲಿಸಿದ ಅಮೆರಿಕದ 2008ರ ಅಧ್ಯಯನದಲ್ಲಿ ಒಂದು ವರ್ಷದ ನಂತರ ಎರಡೂ ಹೆಚ್ಚುಕಮ್ಮಿ ಒಂದೇ ಆಗಿದ್ದವು. ಕೈ ಆಪರೇಷನ್ ಪದೇ ಪದೇ ಮಾಡುವ ಡಾಕ್ಟರ್ ಸಿಕ್ಕರೆ ತೆರೆದದ್ದೇ ಸಾಕು. ನನ್ನ ಅಭಿಪ್ರಾಯದಲ್ಲಿ ರಂಧ್ರದ ಲೆಕ್ಕಕ್ಕಿಂತ ಮಾಡುವವರ ಅನುಭವ ಮುಖ್ಯ.

ಅಪಾಯಗಳನ್ನು ಸಹಿ ಹಾಕುವ ಮೊದಲೇ ಕೇಳಿ ತಿಳಿಯಿರಿ. ಕುಯ್ದ ಸುತ್ತ ಸ್ಪರ್ಶ ಗೊತ್ತಾಗದಿರುವುದು, ಕಲೆ ನೋಯುವುದು, ಕೀವು, ಮಣಿಕಟ್ಟು ಪೂರ್ತಿ ಬಾಗದಿರುವುದು. ಮನೆಯಲ್ಲಿ ಯಾರಿಗಾದರೂ ಗಾಯದ ಕಲೆ ಉಬ್ಬಿ ಬೆಳೆಯುವ ಗುಣ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅಂದಕ್ಕಾಗಿ ತೆಗೆಸುವವರು ಇದನ್ನು ಮರೆಯಲೇಬಾರದು.

ಖರ್ಚಿನ ಮಾತು ಎಲ್ಲರೂ ಕೇಳುತ್ತಾರೆ, ಕೈಯ ರಜೆಯ ಮಾತು ಯಾರೂ ಕೇಳುವುದಿಲ್ಲ. ಬರವಣಿಗೆ, ಕಂಪ್ಯೂಟರ್ ಕೆಲಸಕ್ಕೆ ಒಂದೆರಡು ವಾರ ಸಾಕು. ಭಾರ ಎತ್ತಲು, ಅಂಗೈ ಮೇಲೆ ಭಾರ ಹಾಕಲು ನಾಲ್ಕರಿಂದ ಆರು ವಾರ, ಕೆಲವರಿಗೆ ಇನ್ನೂ ಜಾಸ್ತಿ. ಆ ದಿನಗಳಲ್ಲಿ ನೀರಿನ ಕೊಡ ಎತ್ತುವವರು ಯಾರು, ಮಗುವನ್ನು ಸ್ನಾನ ಮಾಡಿಸುವವರು ಯಾರು, ಸ್ಕೂಟರ್ ಓಡಿಸುವವರು ಯಾರು? ಇದನ್ನು ಮನೆಯಲ್ಲಿ ಕೂತು ಮೊದಲೇ ಮಾತಾಡಿ. ಟೈಲರ್ ಅಕ್ಕ ಗೌರಿ ಗಣೇಶ ಹಬ್ಬದ ಹೊಲಿಗೆ ಎಲ್ಲಾ ಮುಗಿಸಿ, ಪಿತೃಪಕ್ಷದಲ್ಲಿ ಹೊಸ ಬಟ್ಟೆ ಯಾರೂ ಹೊಲಿಸುವುದಿಲ್ಲ ಅಂತ ನೋಡಿ ಆ ವಾರವೇ ದಿನ ಗೊತ್ತು ಮಾಡಿಕೊಂಡರು. ಆ ಲೆಕ್ಕಾಚಾರ ನನಗೆ ತುಂಬಾ ಇಷ್ಟವಾಯಿತು.

ಹೊಲಿಗೆ ಬಿಚ್ಚಿದ ಮೇಲೆ ಅವರು ನನ್ನ ಹತ್ತಿರ ಬಂದಾಗ ಕೈಯನ್ನು ಹಸುಗೂಸಿನಂತೆ ಎದೆಗೆ ಒತ್ತಿ ಹಿಡಿದಿದ್ದರು. ಬಾಗಿಸಲು ಹೆದರಿಕೆ. ಇದೇ ತಪ್ಪು. ಡಾಕ್ಟರ್ ಒಪ್ಪಿಗೆ ಕೊಟ್ಟ ದಿನದಿಂದಲೇ ಮಣಿಕಟ್ಟನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಬೇಕು. ಬೆರಳುಗಳನ್ನಂತೂ ಆಪರೇಷನ್ ಆದ ದಿನವೇ ಮಡಚಿ ಬಿಚ್ಚಿ ಶುರು ಮಾಡಬೇಕು. ಮೇಲ್ಭಾಗದ ಗಂಟು ತೆಗೆದವರಿಗೆ ಕೈ ಒಳಕ್ಕೆ ಬಾಗುವುದು ಕಡಿಮೆಯಾಗುವ ಸಂಭವ ಹೆಚ್ಚು. ಬೆಚ್ಚಗಿನ ನೀರಿನಲ್ಲಿ ಕೈ ಇಟ್ಟುಕೊಂಡು ಆಡಿಸಿದರೆ ನೋವು ಕಡಿಮೆ. ಗಾಯ ಪೂರ್ತಿ ಮಾಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಕಲೆಯನ್ನು ದಿನಾ ಐದು ನಿಮಿಷ ತಿಕ್ಕಬೇಕು. ಆರನೇ ವಾರ ಅವರು ಕತ್ತರಿಯನ್ನೇ ಚೀಲದಲ್ಲಿ ಹಾಕಿಕೊಂಡು ಬಂದು ನನ್ನ ಮುಂದೆ ಒಂದು ತುಂಡು ಜೀನ್ಸ್ ಬಟ್ಟೆ ಕತ್ತರಿಸಿ ತೋರಿಸಿದರು.

ಜಾಗ ಬದಲಾದರೆ ಲೆಕ್ಕವೂ ಬದಲು

ಮೇಲೆ ಹೇಳಿದ್ದೆಲ್ಲ ಹೆಚ್ಚಾಗಿ ಮಣಿಕಟ್ಟಿನ ಮೇಲ್ಭಾಗದ ಗಂಟಿಗೆ. ಒಳಭಾಗದಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ ನಾಡಿ ಹಿಡಿಯುವ ಕಡೆ ಬಂದರೆ ಎಚ್ಚರಿಕೆ ಹೆಚ್ಚು ಬೇಕು. ಗಂಟು ರಕ್ತನಾಳಕ್ಕೆ ಅಂಟಿಕೊಂಡೇ ಇರುತ್ತದೆ, ಕೆಲವೊಮ್ಮೆ ಅದನ್ನು ಸುತ್ತಿರುತ್ತದೆ. ಅಲ್ಲಿ ಕುರುಡಾಗಿ ಸೂಜಿ ಹಾಕಬಾರದು, ಸ್ಕ್ಯಾನಿಂಗ್ ನೋಡಿಕೊಂಡು ಹಾಕಬೇಕು. ಆಪರೇಷನ್ ಮಾಡಿದರೂ ಮರಳಿ ಬರುವುದು ಮೇಲ್ಭಾಗಕ್ಕಿಂತ ಹೆಚ್ಚು. ಲೆಸ್ಟರ್‌ನವರೇ ಒಳಭಾಗದ ಗಂಟುಗಳನ್ನು ಐದು ವರ್ಷ ಗಮನಿಸಿ 2003ರಲ್ಲಿ ಬರೆದಾಗ, ಯಾವ ದಾರಿ ಹಿಡಿದರೂ ಸುಮಾರು ಅರ್ಧದಷ್ಟು ಜನರ ಕೈಯಲ್ಲಿ ಗಂಟು ಇದ್ದೇ ಇತ್ತು. ಹಾಗಾಗಿ ಒಳಭಾಗದ ಗಂಟು ನೋಯದಿದ್ದರೆ ನನ್ನ ಸಲಹೆ ಒಂದೇ, ಬಿಡಿ.

ಬೆರಳಿನ ಬುಡದಲ್ಲಿ, ಅಂಗೈ ಕಡೆ ಹೆಸರುಕಾಳಿನಷ್ಟು ಗಟ್ಟಿ ಗುಂಡು ಬಂದು ಬಸ್ಸಿನ ಕಂಬಿ, ಬಕೆಟ್ಟಿನ ಹಿಡಿ, ಸ್ಕೂಟರ್ ಹ್ಯಾಂಡಲ್ ಹಿಡಿದಾಗ ಚುಚ್ಚುತ್ತಿದ್ದರೆ ಅದು ಟೆಂಡನ್ ಕೊಳವೆಯ ಗಂಟು. ಮೂಳೆಯೇನೋ ಅನ್ನುವಷ್ಟು ಗಟ್ಟಿ, ಅದಕ್ಕೇ ಹೆದರಿಕೆ. ಸೂಜಿಯಿಂದ ಒಳ್ಳೇ ಫಲ ಸಿಗುವುದು ಇಲ್ಲಿ. ಇಲ್ಲಿ ಮೊದಲು ಸೂಜಿ, ಆಗದಿದ್ದರೆ ಆಪರೇಷನ್.

ಬೆರಳಿನ ತುದಿ ಕೀಲಿನ ಮೇಲೆ, ಉಗುರಿನ ಬುಡದಲ್ಲಿ ಬರುವುದು ವಯಸ್ಸಾದವರಲ್ಲಿ. ನಮ್ಮ ಅತ್ತೆಗೆ ಬಂದಿತ್ತು. ಚರ್ಮ ಗಾಜಿನಂತೆ ತೆಳುವಾಗಿ ಹೊಳೆಯುತ್ತಿತ್ತು, ಉಗುರಿನಲ್ಲಿ ಉದ್ದಕ್ಕೆ ಒಂದು ಕಾಲುವೆ ಬಿದ್ದಿತ್ತು. ಇದರ ಮೂಲ ಸವೆದ ಕೀಲು, ಅಲ್ಲಿ ಬೆಳೆದ ಮೂಳೆಯ ಮುಳ್ಳು. ಅದಕ್ಕೇ ಎಕ್ಸ್‌ರೇ ತೆಗೆಸುತ್ತಾರೆ. ಆಪರೇಷನ್ ಮಾಡಿದರೆ ಆ ಮುಳ್ಳನ್ನೂ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ. ಅತ್ತೆ ಹೂ ಕಟ್ಟುವಾಗ ಅದನ್ನು ಸೂಜಿಯಿಂದ ಚುಚ್ಚಿ ಒತ್ತಿಬಿಡುತ್ತಿದ್ದರು. "ಅತ್ತೆ, ಕೀಲಿಗೆ ಕೀವು ಹಿಡಿದರೆ ಬೆರಳೇ ಹೋಗುತ್ತೆ" ಅಂತ ಕೈ ಹಿಡಿದು ಬೇಡಿಕೊಂಡ ಮೇಲೆ ನಿಲ್ಲಿಸಿದರು. ಚರ್ಮ ಒಡೆದು ನೀರು ಒಸರುತ್ತಿದ್ದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ಮಕ್ಕಳಿಗೆ ಬಂದರೆ ಮೊದಲ ಆಯ್ಕೆ ಕಾಯುವುದು. ಚಿಕ್ಕ ಮಕ್ಕಳಲ್ಲಿ ಹೆಚ್ಚಿನವು ತಾವಾಗಿ ಹೋಗುತ್ತವೆ.

ಮತ್ತೆ ಬಂದರೆ

ನನ್ನ ಗಂಟು ಈಗಲೂ ಇದೆ, ಮೊದಲಿಗಿಂತ ಚಿಕ್ಕದು. ನಾನು ಆಪರೇಷನ್ ಬೇಡ ಅಂದುಕೊಂಡೆ, ಯಾಕಂದರೆ ನನ್ನ ಕೆಲಸವನ್ನು ಬದಲಿಸಿಕೊಳ್ಳಲು ಆಯಿತು. ಅಂಗೈ ಬದಲು ಮೊಣಕೈಯಿಂದ, ಬೆರಳ ಗೆಣ್ಣಿನಿಂದ ಒತ್ತುತ್ತೇನೆ. ಟೈಲರ್ ಅಕ್ಕ ಕತ್ತರಿಯನ್ನು ಮೊಣಕೈಯಲ್ಲಿ ಹಿಡಿಯಲು ಆಗುವುದಿಲ್ಲ, ಅಲ್ವಾ? ಒಂದೇ ಗಂಟು, ಒಂದೇ ಜಾಗ, ಎರಡು ಸರಿಯಾದ ತೀರ್ಮಾನ.

ಸೂಜಿಯ ನಂತರ ಮರಳಿ ಬಂದರೆ ಇನ್ನೊಮ್ಮೆ ಸೂಜಿ ಹಾಕಿಸಬಹುದು. ಎರಡು ಸಲ ಆದ ಮೇಲೂ ಬಂದರೆ ಮೂರನೇ ಸಲದ ಮೇಲೆ ಆಸೆ ಇಡಬೇಡಿ. ಆಗ ಬಿಟ್ಟುಬಿಡುವುದೋ ಆಪರೇಷನ್ನೋ ಅಂತ ಕೂತು ತೀರ್ಮಾನಿಸಿ. ಆಪರೇಷನ್ ಆದ ಮೇಲೆ ಮರಳಿದರೆ ಅವಸರ ಬೇಡ. ಹಳೇ ಗಾಯದ ಗಟ್ಟಿ ಕಲೆಯ ನಡುವೆ ನರ, ರಕ್ತನಾಳ ಬಿಡಿಸಿಕೊಂಡು ತೊಟ್ಟು ಹುಡುಕುವುದು ಮೊದಲ ಸಲಕ್ಕಿಂತ ಕಷ್ಟ. ಈ ಸಲ ಕೈ ಶಸ್ತ್ರಚಿಕಿತ್ಸೆಯನ್ನೇ ಮಾಡುವವರನ್ನು ಹುಡುಕಿ. ಹೋಗುವಾಗ ಹಳೇ ಡಿಸ್ಚಾರ್ಜ್ ಕಾಗದ, ಸ್ಕ್ಯಾನಿಂಗ್ ರಿಪೋರ್ಟ್, ತೆಗೆದ ಗಂಟನ್ನು ಲ್ಯಾಬಿಗೆ ಕಳಿಸಿದ್ದರೆ ಆ ಬಯಾಪ್ಸಿ ರಿಪೋರ್ಟ್ ಮೂರನ್ನೂ ಒಂದೇ ಕವರಿನಲ್ಲಿ ಹಾಕಿಕೊಂಡು ಹೋಗಿ. ತೊಟ್ಟು ಮೊದಲ ಸಲ ಎಲ್ಲಿಂದ ಹುಟ್ಟಿತ್ತು ಅಂತ ಆ ಡಿಸ್ಚಾರ್ಜ್ ಕಾಗದದಲ್ಲಿ ಬರೆದಿದ್ದರೆ, ಹೊಸ ಡಾಕ್ಟರ್ ಮೊದಲು ಓದುವುದು ಆ ಸಾಲನ್ನೇ.